ಮೋಟ್ರು ಎತ್ಸೋಕೆ ಮುಂಚೆ ಸ್ಟಾರ್ಟರ್ ನೋಡಿ

"ನನ್ನ ಕಂಪ್ಯೂಟರ್ ತುಂಬಾ ಸ್ಲೋ ಆಗಿದೆ, ಏನ್ ಮಾಡ್ಲಿ?" ಅಂತ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಯಾರಾದ್ರೂ ಒಂದು ಮೆಸೇಜ್ ಹಾಕಿದ್ರೆ ಸಾಕು, ಎರಡು ನಿಮಿಷದಲ್ಲಿ ಹತ್ತು ಉತ್ತರ ಬರುತ್ತೆ. "ಗ್ರಾಫಿಕ್ಸ್ ಕಾರ್ಡ್ ಚೇಂಜ್ ಮಾಡು." "ರ‍್ಯಾಮ್ ಹಾಕ್ಸು." "ಗುಜರಿಗೆ ಹಾಕಿ ಹೊಸದು ತಗೋ ಮಗಾ." ಹತ್ತು ಉತ್ತರ ಬರುತ್ತೆ, ಒಂದೇ ಒಂದು ಪ್ರಶ್ನೆ ಬರಲ್ಲ. ಯಾವಾಗ ಸ್ಲೋ ಆಗುತ್ತೆ, ಆನ್ ಮಾಡಿದ ತಕ್ಷಣವಾ, ಅರ್ಧ ಗಂಟೆ ಆದ್ಮೇಲಾ, ಗೇಮ್ ಆಡುವಾಗ ಮಾತ್ರವಾ ಅಂತ ಯಾರೂ ಕೇಳಲ್ಲ. ನಾವೆಲ್ಲ ಇಂಜಿನಿಯರಿಂಗ್ ಓದ್ತಿರೋರು!

ಬೇರೆಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಆ ಹತ್ತರಲ್ಲಿ ಎರಡು ಮೂರು ಉತ್ತರ ನಂದೇ ಇರ್ತಿತ್ತು. ಈ ಸಲ ರಜೆಗೆ ಊರಿಗೆ ಹೋದಾಗ ಆ ಚಾಳಿ ಬಿಟ್ಟೆ. ಬಿಡಿಸೋಕೆ ಆರೂವರೆ ಸಾವಿರ ರೂಪಾಯಿ ಖರ್ಚಾಯ್ತು. ಜೊತೆಗೆ ಏನೂ ತಪ್ಪು ಮಾಡದ ಒಬ್ಬ ಹುಡುಗನನ್ನ ಮೋಸಗಾರ ಅಂತ ಬೈದಿದ್ದೂ ಆಯ್ತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮೂರು ತಿಪಟೂರಿನ ಹತ್ತಿರ. ಮನೆಯಲ್ಲಿರೋ ಕಂಪ್ಯೂಟರ್ ದೊಡ್ಡಪ್ಪನ ಮಗ 2014ರಲ್ಲಿ ಕಟ್ಟಿಸಿದ್ದು. ಅವನು ಕೆಲಸ ಸಿಕ್ಕಿ ಹೋಗುವಾಗ ನನಗೆ ಕೊಟ್ಟು ಹೋದ. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಎನ್ವಿಡಿಯಾ ಜಿಟಿಎಕ್ಸ್ 750 ಟಿಐ ಕಾರ್ಡ್. ಆ ಕಾಲಕ್ಕೆ ಒಳ್ಳೆ ಮಷೀನೇ. ಜಿಟಿಎ 5 ಅದರಲ್ಲೇ ಆಡಿ ಮುಗಿಸಿದ್ದೀನಿ. ಪಿಯುಸಿಯ ಆನ್‌ಲೈನ್ ಕ್ಲಾಸು, ಮೊದಲ ಸಲ ಬರೆದ ಸಿ ಪ್ರೋಗ್ರಾಂ, ಎಲ್ಲಾ ಅದರಲ್ಲೇ.

ದಸರಾ ರಜೆಯಲ್ಲಿ ಅದಕ್ಕೆ ಕಾಯಿಲೆ ಶುರುವಾಯ್ತು. ಗೇಮ್ ಹಾಕಿ ಒಂದು ಗಂಟೆ ಆದ್ರೆ ಟಪ್ ಅಂತ ಸ್ಕ್ರೀನ್ ಕಪ್ಪಾಗಿ ರೀಸ್ಟಾರ್ಟ್ ಆಗ್ತಿತ್ತು. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ವಿಂಡೋಸ್‌ನ ಇವೆಂಟ್ ವ್ಯೂಯರ್ ತೆಗೆದು ನೋಡಿದ್ರೆ 'ಕರ್ನಲ್ ಪವರ್ 41' ಅಂತ ಒಂದು ಸಾಲು. ಅದನ್ನ ನೋಡಿ ಏನೋ ಕಂಡುಹಿಡಿದೆ ಅಂದ್ಕೊಂಡೆ. ಕಂಪ್ಯೂಟರ್ ಸರಿಯಾಗಿ ಶಟ್ ಡೌನ್ ಆಗದೆ ನಿಂತುಹೋಯ್ತು ಅನ್ನೋದಷ್ಟೇ ಆ ಸಾಲಿನ ಅರ್ಥ, ಯಾಕೆ ನಿಂತಿತು ಅನ್ನೋದು ಅದರಲ್ಲಿ ಇರಲ್ಲ. ನನಗೆ ಅದೆಲ್ಲ ಬೇಕಿರಲಿಲ್ಲ. ಕಾರ್ಡ್ ಹಳೇದು, ಗೇಮ್ ಆಡುವಾಗ ಆಫ್ ಆಗುತ್ತೆ, ಅಂದ್ಮೇಲೆ ಕಾರ್ಡೇ ಹೋಗಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ನಿಜ ಹೇಳ್ಬೇಕಂದ್ರೆ ನನಗೆ ಹೊಸ ಕಾರ್ಡ್ ಬೇಕಿತ್ತು. ಅದಕ್ಕೊಂದು ಕಾರಣ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಯಾಗಿದ್ದೆ.

ಬೆಂಗಳೂರಿಗೆ ವಾಪಸ್ ಬಂದು ಹಳೆ ಸಾಮಾನು ಮಾರೋ ಒಂದು ಆ್ಯಪ್‌ನಲ್ಲಿ ಹುಡುಕಿದೆ. ಬೇರೆ ಕಾಲೇಜಿನ ಫೈನಲ್ ಇಯರ್ ಹುಡುಗನೊಬ್ಬ ಜಿಟಿಎಕ್ಸ್ 1060, 6 ಜಿಬಿದು, ಮಾರಾಟಕ್ಕೆ ಇಟ್ಟಿದ್ದ. ಅವನ ರೂಮಿಗೇ ಹೋದೆ. ನನ್ನ ಮುಂದೆಯೇ ಇಪ್ಪತ್ತು ನಿಮಿಷ ಫುಲ್ ಲೋಡ್ ಕೊಟ್ಟು ಓಡಿಸಿ ತೋರಿಸಿದ. ಆರೂವರೆ ಸಾವಿರಕ್ಕೆ ಮಾತಾಯ್ತು. ಕೊಬ್ಬರಿ ಮಾರಿದಾಗ ಬಟ್ಟೆಗೆ, ಶೂಗೆ ಅಂತ ಅಪ್ಪ ಕೊಟ್ಟಿದ್ದ ದುಡ್ಡದು.

ಪರೀಕ್ಷೆ ಮುಗಿಸಿ, ಕಾರ್ಡನ್ನ ಟವೆಲ್‌ನಲ್ಲಿ ಸುತ್ತಿ ಬ್ಯಾಗಲ್ಲಿಟ್ಕೊಂಡು ರೈಲು ಹತ್ತಿದೆ. ಮನೆಗೆ ಹೋಗಿ ಹಾಕೋಕೆ ನೋಡಿದ್ರೆ ಈ ಕಾರ್ಡಿಗೆ ಬೇರೆಯಾಗಿ 6 ಪಿನ್‌ನ ಕರೆಂಟ್ ವೈರ್ ಬೇಕು. ನಮ್ಮ ಹಳೆ ಎಸ್‌ಎಂಪಿಎಸ್‌ನಲ್ಲಿ ಅದು ಇರಲೇ ಇಲ್ಲ. ತಿಪಟೂರಿಗೆ ಹೋಗಿ 120 ರೂಪಾಯಿ ಕೊಟ್ಟು ಒಂದು ಕನ್ವರ್ಟರ್ ಕೇಬಲ್ ತಂದು ಜೋಡಿಸಿದೆ. ಗೇಮ್ ಹಾಕಿದೆ. ಐದೇ ನಿಮಿಷಕ್ಕೆ ಟಪ್.

ಮೊದಲು ಒಂದು ಗಂಟೆಗೆ ಆಗ್ತಿದ್ದಿದ್ದು ಈಗ ಐದು ನಿಮಿಷಕ್ಕೆ ಆಗ್ತಿದೆ. ಇದನ್ನ ಓದ್ತಿರೋ ನಿಮಗೆ ಇಷ್ಟೊತ್ತಿಗೆ ಹೊಳೆದಿರುತ್ತೆ. ನನಗೆ ಹೊಳೀಲಿಲ್ಲ. ಹೊಳೆದಿದ್ದು ಏನಂದ್ರೆ, ಆ ಹುಡುಗ ನನಗೆ ಹಾಳಾದ ಕಾರ್ಡ್ ತಲೆಗೆ ಕಟ್ಟಿದ್ದಾನೆ ಅಂತ. ವಾಟ್ಸಾಪ್‌ನಲ್ಲಿ ಬೈದೆ. ಅವನು ಸಮಾಧಾನವಾಗೇ ಕೇಳಿದ: "ಬ್ರೋ, ನಿನ್ನ ಮುಂದೆನೇ ಓಡಿಸಿ ತೋರಿಸಿದ್ನಲ್ಲ. ಎಸ್‌ಎಂಪಿಎಸ್ ಯಾವುದು ನಿಂದು? ಒಂದ್ಸಲ ಅದನ್ನ ಚೆಕ್ ಮಾಡು." ಜಾರಿಕೊಳ್ಳೋಕೆ ಹೀಗಂತಿದ್ದಾನೆ ಅನ್ಕೊಂಡು ಇನ್ನೂ ಜಾಸ್ತಿ ಬೈದೆ. ಚೀಟರ್ ಅಂದೆ. ನಿನ್ನ ನಂಬರ್ ಎಲ್ಲಾ ಗ್ರೂಪಿಗೂ ಹಾಕ್ತೀನಿ ಅಂದೆ. ರಾತ್ರಿ ಹನ್ನೊಂದಕ್ಕೆ ಅವನಿಂದ ಒಂದು ಮೆಸೇಜ್ ಬಂತು: "ಸರಿ ಬ್ರೋ. ಕಾರ್ಡ್ ವಾಪಸ್ ಕೊಡು. ದುಡ್ಡು ಎಕ್ಸಾಮ್ ಫೀಸಿಗೆ ಕಟ್ಟಿಬಿಟ್ಟೆ, ಮುಂದಿನ ತಿಂಗಳು ಕೊಡ್ತೀನಿ. ಗ್ರೂಪಿಗೆಲ್ಲ ಹಾಕ್ಬೇಡ ಪ್ಲೀಸ್."

ಬೆಳಗ್ಗೆ ತಿಂಡಿ ತಿನ್ನುವಾಗ ಅಪ್ಪನ ಹತ್ರ ಇದನ್ನೆಲ್ಲ ಹೇಳ್ಕೊಂಡೆ. ಅಪ್ಪ ಓದಿರೋದು ಎಸ್ಸೆಸ್ಸೆಲ್ಸಿ, ಕಂಪ್ಯೂಟರ್ ಮುಟ್ಟಿದವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಸುಮ್ನೆ ಇದ್ದಾಗ ಆಫ್ ಆಗ್ತದೋ, ಲೋಡ್ ಬಿದ್ದಾಗ ಆಗ್ತದೋ?"

"ಲೋಡ್ ಬಿದ್ದಾಗ."

"ಹಂಗಾದ್ರೆ ಸಪ್ಲೈ ನೋಡಿದೇನಪ್ಪಾ?"

ನೋಡಿರಲಿಲ್ಲ. ಅಪ್ಪ ಎರಡು ವರ್ಷದ ಹಿಂದಿನ ಕಥೆ ನೆನಪಿಸಿದರು. ತೋಟದ ಬೋರಿನ ಮೋಟ್ರು ನಿಂತಿತ್ತು. ಮೋಟ್ರು ಸುಟ್ಟಿದೆ, ಎತ್ತಿಸಬೇಕು ಅಂತ ಒಬ್ಬರು ಹೇಳಿದ್ರು. ಬೋರಿಂದ ಪೈಪು, ಕೇಬಲ್ಲು, ಮೋಟ್ರು ಎಲ್ಲ ಮೇಲಕ್ಕೆತ್ತಿ ಮತ್ತೆ ಇಳಿಸೋದು ಅಂದ್ರೆ ಒಂದು ದಿನದ ಕೆಲಸ, ಸಾವಿರಾರು ರೂಪಾಯಿ ಖರ್ಚು. ಅಪ್ಪ ಒಪ್ಪಲಿಲ್ಲ. ಮೀಟರ್ ತಗೊಂಡು ಸ್ಟಾರ್ಟರ್ ಡಬ್ಬ ತೆಗೆದು ನೋಡಿದರು. ಒಳಗೆ ಒಂದು ಫೇಸಿನ ಕಾಂಟ್ಯಾಕ್ಟ್ ಸುಟ್ಟಿತ್ತು. ಅದನ್ನ ಬದಲಾಯಿಸಿದ ಮೇಲೆ ಮೋಟ್ರು ಎಂದಿನಂತೆ ಓಡಿತು. "ಮೋಟ್ರು ಎತ್ಸೋಕೆ ಮುಂಚೆ ಸ್ಟಾರ್ಟರ್ ನೋಡ್ಬೇಕು. ಕಾಸು ಖರ್ಚಾಗದೆ ಇರೋದು ಮೊದ್ಲು, ಕಾಸು ಖರ್ಚಾಗೋದು ಆಮೇಲೆ" ಅಂದ್ರು.

ಅದೇ ಮೀಟರ್ ತಂದ್ವಿ. ಎಸ್‌ಎಂಪಿಎಸ್‌ನಿಂದ ಬರೋ ವೈರುಗಳಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ಖಾಲಿ ಇದ್ದ ಒಂದು ನಾಲ್ಕು ಪಿನ್ ಕನೆಕ್ಟರ್‌ನ ಹಳದಿಗೂ ಕಪ್ಪಿಗೂ ಮೀಟರ್ ಹಿಡಿದರು. ಸುಮ್ನೆ ಡೆಸ್ಕ್‌ಟಾಪ್ ಇದ್ದಾಗ 12.1 ತೋರಿಸ್ತು. "ಸರಿಯಾಗೇ ಇದೆಯಲ್ಲ" ಅಂದೆ. "ತಡಿ, ಲೋಡ್ ಹಾಕು" ಅಂದ್ರು. ಗೇಮ್ ಹಾಕಿದೆ. 11.7 ಆಯ್ತು, 11.4 ಆಯ್ತು, 11.2ಕ್ಕೆ ಇಳೀತು, ಟಪ್. ಆ ಕಾಲದ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಲೈನು ಹೆಚ್ಚುಕಮ್ಮಿ ಶೇಕಡ 5ರ ಒಳಗೇ ಇರಬೇಕು, ಅಂದ್ರೆ 11.4ಕ್ಕಿಂತ ಕೆಳಗೆ ಇಳೀಬಾರದು. "ನಮ್ ಟಿಸಿ ಕಥೆನೂ ಇದೇ. ಸಂಜೆ ಎಲ್ಲಾರೂ ಮೋಟ್ರು ಹಾಕಿದ್ರೆ ವೋಲ್ಟೇಜು ಕೂತ್ಕೊಂಡ್ಬಿಡ್ತದೆ" ಅಂತ ಅಪ್ಪ ಎದ್ದು ತೋಟಕ್ಕೆ ಹೋದರು. ಅವರ ಪಾಲಿಗೆ ಅಲ್ಲಿಗೆ ಮುಗೀತು.

ಆಮೇಲೆ ನಾನು ಎಸ್‌ಎಂಪಿಎಸ್ ಹೊರಗೆ ತೆಗೆದು ಅದರ ಲೇಬಲ್ ಓದಿದೆ. ದೊಡ್ಡ ಅಕ್ಷರದಲ್ಲಿ 450 ಅಂತ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟ್ ಲೈನಿಗೆ 14 ಆಂಪಿಯರ್ ಅಂತ ಇತ್ತು. 12 ಗುಣಿಸು 14, ಬರೀ 168 ವಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಮುಖ್ಯವಾಗಿ ಬೇಕಾಗಿರೋದು ಇದೇ ಲೈನು. ನನ್ನ ಪ್ರೊಸೆಸರ್‌ದು 84 ವಾಟ್, ಹಳೆ ಕಾರ್ಡಿಂದು 60 ವಾಟ್, ಎರಡೂ ಸೇರಿ 144. ಅಂಚಿನಲ್ಲಿ ಹೇಗೋ ನಡೀತಿತ್ತು. ಹನ್ನೊಂದು ವರ್ಷ ಕಾದು ಕಾದು ಎಸ್‌ಎಂಪಿಎಸ್ ಸೋತ ಮೇಲೆ ಗಂಟೆಗೊಂದ್ಸಲ ಬೀಳೋಕೆ ಶುರುವಾಯ್ತು. ಹೊಸ ಕಾರ್ಡ್ 120 ವಾಟ್‌ದು. 84ಕ್ಕೆ 120 ಸೇರಿದ್ರೆ 204. ಲೇಬಲ್ ಪ್ರಕಾರವೇ ಅದರ ಕೈಲಿ ಆಗದ ಕೆಲಸ. ಅಂದ್ರೆ ನಾನು ಕಾಯಿಲೆಗೆ ಮದ್ದು ಅಂತ ತಂದಿದ್ದು ಕಾಯಿಲೆಯನ್ನೇ ಜಾಸ್ತಿ ಮಾಡಿತ್ತು.

ವೋಲ್ಟೇಜ್ ಗುಣಿಸು ಕರೆಂಟ್ ಅಂದ್ರೆ ಪವರ್. ಇದು ಹೈಸ್ಕೂಲ್ ಪಾಠ. ಫಸ್ಟ್ ಇಯರ್ ಎಲೆಕ್ಟ್ರಿಕಲ್‌ನಲ್ಲಿ ಇದರ ಮೇಲೆ ಲೆಕ್ಕ ಮಾಡಿ ಒಳ್ಳೆ ಮಾರ್ಕ್ಸೂ ತಗೊಂಡಿದ್ದೀನಿ. ಆದರೆ ಮನೆಯಲ್ಲಿದ್ದ ಡಬ್ಬ ತಿರುಗಿಸಿ ಆ ಎರಡು ನಂಬರ್ ಗುಣಿಸಬೇಕು ಅಂತ ಹೊಳೆದಿರಲಿಲ್ಲ. ನನಗೆ ಬೇಜಾರಾಗಿದ್ದು ಆರೂವರೆ ಸಾವಿರಕ್ಕಿಂತ ಇದಕ್ಕೆ.

ಮೀಟರ್ ನೋಡಿದ ಮಾತ್ರಕ್ಕೆ ಸಾಬೀತಾಯ್ತು ಅನ್ನೋ ಹಾಗೂ ಇಲ್ಲ. ಮೀಟರ್ ಹೇಳೋದು ಅನುಮಾನ, ಬದಲಾಯಿಸಿ ನೋಡೋದು ಸಾಕ್ಷಿ. ಅದಕ್ಕೆ ಊರಲ್ಲಿ ಗೆಳೆಯನ ಕಂಪ್ಯೂಟರ್‌ನಿಂದ ಒಂದು ಒಳ್ಳೆ ಎಸ್‌ಎಂಪಿಎಸ್ ಒಂದು ದಿನಕ್ಕೆ ಬೇಡಿ ತಂದೆ. 1060 ಎರಡು ಗಂಟೆ ಓಡಿತು, ಏನೂ ಆಗಲಿಲ್ಲ. ಆಮೇಲೆ ಕಾರ್ಡ್ ತೆಗೆದು ಹಳೆ 750 ಟಿಐ ವಾಪಸ್ ಹಾಕಿದೆ. ಅದೂ ಎರಡು ಗಂಟೆ ಓಡಿತು! ಸತ್ತಿದೆ ಅಂತ ನಾನು ಮಣ್ಣು ಮಾಡಿದ್ದ ಕಾರ್ಡು ಬದುಕೇ ಇತ್ತು.

ಆ ಹುಡುಗನಿಗೆ ಅವತ್ತೇ ಫೋನ್ ಮಾಡಿದೆ. ಮೆಸೇಜ್ ಹಾಕಿ ಸುಮ್ಮನಾಗಬಹುದಿತ್ತು, ಆದರೆ ಬೈದ ಬಾಯಲ್ಲೇ ಸಾರಿ ಕೇಳಬೇಕು ಅನ್ನಿಸ್ತು. ಕಾರ್ಡ್ ಚೆನ್ನಾಗಿದೆ, ತಪ್ಪು ನಂದೇ, ನೀನು ಹೇಳಿದ್ದೇ ಸರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಎರಡು ದಿನ ನಿದ್ದೆ ಬರ್ಲಿಲ್ಲ ಬ್ರೋ" ಅಂದ. ಅಷ್ಟೇ ಅಂದಿದ್ದು. ನನಗೆ ಅದು ಈಗಲೂ ಚುಚ್ಚುತ್ತೆ. ಪರೀಕ್ಷೆ ಮಾಡದೆ ತೀರ್ಮಾನ ಮಾಡಿದ್ರೆ ನಷ್ಟ ಬರೀ ನಮ್ಮ ಜೇಬಿಗೆ ಆಗಲ್ಲ.

ಇಷ್ಟೆಲ್ಲ ಹೇಳಿದ್ದು ನನ್ನ ಅಭಿಪ್ರಾಯವನ್ನ ಮುಂದಿಡೋಕೆ. ಹಳೆ ಕಂಪ್ಯೂಟರ್‌ಗೆ ಅಪ್‌ಗ್ರೇಡ್ ಅನ್ನೋದು ಕೊನೆಯ ಹೆಜ್ಜೆ. ನಾವು ಅದನ್ನ ಮೊದಲ ಹೆಜ್ಜೆ ಮಾಡ್ಕೊಂಡಿದ್ದೀವಿ. ಅಂಗಡಿಯವರಿಗೆ ಬೇಕಾಗಿರೋದೂ ಅದೇ, ಯೂಟ್ಯೂಬ್‌ನ ವಿಡಿಯೋಗಳು ಹೇಳೋದೂ ಅದೇ. ಆದರೆ ಕಂಪ್ಯೂಟರ್ ತನ್ನ ಕಾಯಿಲೆಯನ್ನ ತಾನೇ ಹೇಳುತ್ತೆ, ಕೇಳೋ ತಾಳ್ಮೆ ಬೇಕು. ಲೋಡ್ ಬಿದ್ದಾಗ ಎರರ್ ಇಲ್ಲದೆ ಒಮ್ಮೆಲೇ ಆಫ್ ಆದ್ರೆ ಮೊದಲ ಅನುಮಾನ ಕರೆಂಟಿನ ಮೇಲೆ. ಮೊದಲು ಚೆನ್ನಾಗಿ ಓಡಿ, ಹತ್ತು ಹದಿನೈದು ನಿಮಿಷ ಆದ್ಮೇಲೆ ಫ್ರೇಮ್ ಬಿದ್ದು ತಡವರಿಸಿದ್ರೆ ಬಿಸಿಯ ಮೇಲೆ, ಯಾಕಂದ್ರೆ ಪ್ರೊಸೆಸರ್ ಬಿಸಿಯಾದಾಗ ತನ್ನನ್ನ ಉಳಿಸ್ಕೊಳ್ಳೋಕೆ ಮೊದಲು ವೇಗ ಇಳಿಸುತ್ತೆ. ನೀಲಿ ಸ್ಕ್ರೀನು ಪ್ರತಿಸಲ ಬೇರೆ ಬೇರೆ ಎರರ್ ಹೇಳಿದ್ರೆ ರ‍್ಯಾಮ್ ನೋಡಬೇಕು. ಅದಕ್ಕೆ ಮೆಮ್‌ಟೆಸ್ಟ್86 ಅಂತ ಒಂದು ಪ್ರೋಗ್ರಾಂ ಪುಕ್ಕಟೆ ಸಿಗುತ್ತೆ, ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಫೈಲ್ ತೆಗೆಯೋಕೆ ನಿಮಿಷಗಟ್ಟಲೆ ಆಗಿ ಒಳಗೆ ಟಿಕ್ ಟಿಕ್ ಅಂತಿದ್ರೆ ಹಾರ್ಡ್ ಡಿಸ್ಕ್, ಮೊದಲು ಫೋಟೋಗಳನ್ನ ಬೇರೆ ಕಡೆ ಇಟ್ಕೊಳ್ಳಿ. ಆನ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿದ್ರೆ ಮದರ್‌ಬೋರ್ಡಿನ ಮೇಲಿರೋ ಸಿಆರ್2032 ಬ್ಯಾಟರಿ. ಅದಕ್ಕೆ ಇಂಜಿನಿಯರೂ ಬೇಡ.

ಒಂದು ಎಚ್ಚರಿಕೆ. ಹೊರಗೆ ಬರೋ ವೈರಲ್ಲಿ ವೋಲ್ಟೇಜ್ ನೋಡೋದು ಬೇರೆ, ಎಸ್‌ಎಂಪಿಎಸ್ ಬಿಚ್ಚೋದು ಬೇರೆ. ಬಿಚ್ಚಲೇಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 325 ವೋಲ್ಟ್ ತನಕ ಇರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಎರಡನೇದು, ಪುಕ್ಕಟೆ ಆಗೋ ಕೆಲಸ ಮೊದಲು ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾನು ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿ ಹಾಸಿದ ಹಾಗೆ ಧೂಳಿತ್ತು. ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಧೂಳು ತೆಗೆದು ಹೊಸ ಪೇಸ್ಟ್ ಹಾಕಿದ್ಮೇಲೆ ಗೇಮ್ ಆಡುವಾಗ 96 ಡಿಗ್ರಿ ಇದ್ದಿದ್ದು 71ಕ್ಕೆ ಇಳೀತು. ರ‍್ಯಾಮ್ ಒಂದೇ ಕಡ್ಡಿ ಇತ್ತು. ಡಿಡಿಆರ್3-1600 ಒಂದೇ ಇದ್ರೆ ಸೆಕೆಂಡಿಗೆ ಗರಿಷ್ಠ 12.8 ಜಿಬಿ ಹರಿಯುತ್ತೆ. ಅಂಥದ್ದೇ ಇನ್ನೊಂದು ಹಾಕಿ ಡ್ಯುಯಲ್ ಚಾನೆಲ್ ಮಾಡಿದ್ರೆ ಲೆಕ್ಕದಲ್ಲಿ ಅದು 25.6. ಹಳೇದೊಂದು 900 ರೂಪಾಯಿಗೆ ಸಿಕ್ತು. ಎಸ್‌ಎಸ್‌ಡಿ ಹಾಕಿದಾಗ ಬರೀ 270 ಎಂಬಿ ವೇಗ ಬಂತು. ಮತ್ತೆ ಅಂಗಡಿಯವನನ್ನ ಬೈಯೋಕೆ ಹೊರಟಿದ್ದೆ, ಈ ಸಲ ನಿಂತು ಯೋಚನೆ ಮಾಡಿದೆ. ಎಚ್81 ಬೋರ್ಡಿನಲ್ಲಿ ಎರಡು ಸಾಟಾ ಪೋರ್ಟ್ 6 ಗಿಗಾಬಿಟ್‌ದು, ಇನ್ನೆರಡು 3 ಗಿಗಾಬಿಟ್‌ದು. ನಾನು ನಿಧಾನದ್ದಕ್ಕೆ ಹಾಕಿದ್ದೆ. ಕೇಬಲ್ ಬದಲಾಯಿಸಿದೆ, 500 ದಾಟಿತು. ಖರ್ಚು ಸೊನ್ನೆ.

ಎಸ್‌ಎಂಪಿಎಸ್ ಮಾತ್ರ ಹೊಸದೇ ತಗೊಂಡೆ, ಬೆಂಗಳೂರಿನ ಎಸ್‌ಪಿ ರೋಡಲ್ಲಿ. ಈ ಒಂದು ಪಾರ್ಟ್ ಸೆಕೆಂಡ್ ಹ್ಯಾಂಡ್ ಬೇಡ, ಅದು ಎಷ್ಟು ಸವೆದಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಈ ಸಲ ದೊಡ್ಡ ನಂಬರ್ ನೋಡಲಿಲ್ಲ, 12 ವೋಲ್ಟ್ ಲೈನಿಗೆ ಎಷ್ಟು ಆಂಪಿಯರ್ ಅಂತ ಕೇಳಿದೆ. ಅಂಗಡಿಯವರು ಒಂದ್ಸಲ ನನ್ನ ಮುಖ ನೋಡಿ, ಕೈಯಲ್ಲಿದ್ದ ಬಾಕ್ಸ್ ಒಳಗಿಟ್ಟು ಬೇರೆ ಬಾಕ್ಸ್ ತಂದ್ರು.

ನನ್ನ ಲೆಕ್ಕ ಇಷ್ಟು. ಎಸ್‌ಎಂಪಿಎಸ್ 3,900, 256 ಜಿಬಿ ಎಸ್‌ಎಸ್‌ಡಿ 2,300, ರ‍್ಯಾಮ್ 900, ಪೇಸ್ಟ್ 250. ಒಟ್ಟು 7,350. ಇದು ಕಂಪ್ಯೂಟರ್‌ಗೆ ನಿಜವಾಗಿ ಬೇಕಿದ್ದಿದ್ದು. ಕಾರ್ಡ್ ಮತ್ತು ಆ ಕೇಬಲ್ ಸೇರಿಸಿದ್ರೆ 13,970. ಆ ಕೇಬಲ್ ಈಗ ಡ್ರಾಯರ್‌ನಲ್ಲಿದೆ.

ಸೀನಿಯರ್ ಒಬ್ಬರು ಇದನ್ನ ಕೇಳಿ, "ಹನ್ನೆರಡು ವರ್ಷದ ಹಳೆ ಮಷೀನಿಗೆ ಯಾಕೋ ದುಡ್ಡು ಸುರೀತೀಯ?" ಅಂದ್ರು. ಅವರ ಮಾತಲ್ಲಿ ಅರ್ಧ ಸತ್ಯ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ದು ಹೆಚ್ಚಾಗಿ 8ನೇ ಪೀಳಿಗೆಯಿಂದ ಮುಂದಿನವೇ, ನಂದು 4ನೇದು. ಈಗ ಒಂದು ಡಿಸ್ಕಲ್ಲಿ ಲಿನಕ್ಸ್ ಹಾಕಿದ್ದೀನಿ. ವಾಲ್ವ್ ಕಂಪನಿಯ ಪ್ರೋಟಾನ್ ಇರೋದ್ರಿಂದ ಸ್ಟೀಮ್‌ನ ಎಷ್ಟೋ ಗೇಮ್ ಅದರಲ್ಲೇ ನಡೆಯುತ್ತೆ, ವ್ಯಾಲೊರಂಟ್ ಥರದ್ದು ನಡೆಯಲ್ಲ. ನಾಲ್ಕು ಕೋರಿನ ಪ್ರೊಸೆಸರ್ ಹೊಸ ಗೇಮುಗಳಲ್ಲಿ ಏದುಸಿರು ಬಿಡುತ್ತೆ. ನಾನು ಅಷ್ಟು ಆಸೆಪಟ್ಟು ತಂದ 1060ಗೂ ಆಯಸ್ಸು ಮುಗೀತಾ ಬಂದಿದೆ. ಹೊಸ ಗೇಮುಗಳಿಗೆ ಅಂತ ಎನ್ವಿಡಿಯಾ ಬಿಡೋ ಡ್ರೈವರ್ ಈ ಪೀಳಿಗೆಯ ಕಾರ್ಡುಗಳಿಗೆ ನಿಂತಿದೆ, ಇನ್ನು ಬರೋದು ಭದ್ರತಾ ಅಪ್‌ಡೇಟ್ ಮಾತ್ರ. ಇದನ್ನ ಕೊಳ್ಳೋಕೆ ಮುಂಚೆ ಓದಬೇಕಿತ್ತು.

ಅದಕ್ಕೇ ಒಂದು ನಿಯಮ ಮಾಡ್ಕೊಂಡಿದ್ದೀನಿ. ಮುಂದಿನ ಕಂಪ್ಯೂಟರ್‌ಗೆ ಜೊತೆಯಲ್ಲಿ ಬರೋ ಸಾಮಾನಿಗೆ ಧೈರ್ಯವಾಗಿ ದುಡ್ಡು ಹಾಕಬಹುದು. ಎಸ್‌ಎಂಪಿಎಸ್, ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್ ಬರುತ್ತೆ. ಡಿಡಿಆರ್3 ರ‍್ಯಾಮ್, ಹಳೆ ಸಾಕೆಟಿನ ಪ್ರೊಸೆಸರ್ ಬರಲ್ಲ. ಅವಕ್ಕೆ ಸಾವಿರ ರೂಪಾಯಿಗಿಂತ ಜಾಸ್ತಿ ಹಾಕಲ್ಲ. ಇದೇ ಬೋರ್ಡಿಗೆ ಕೂರೋ ಹಳೆ ಐ7-4790 ತಗೋ ಅಂತ ಬಹಳ ಜನ ಹೇಳಿದ್ರು, ಈ ಕಾರಣಕ್ಕೇ ತಗೊಳ್ಳಲಿಲ್ಲ. ಇಷ್ಟಾದ್ಮೇಲೂ ಯಾರಿಗಾದ್ರೂ ಹೊಸದು ಕೊಳ್ಳೋ ಶಕ್ತಿ ಇದ್ರೆ ಕೊಳ್ಳಲಿ. ಹಳೇದು ಯಾಕೆ ಬಿತ್ತು ಅಂತ ತಿಳ್ಕೊಂಡು ಕೊಳ್ಳಲಿ ಅನ್ನೋದಷ್ಟೇ ನನ್ನ ಮಾತು.

ಕೊನೆಗೆ ನಮ್ಮ ಓದಿನ ಬಗ್ಗೆ ಒಂದು ಮಾತು. ಲ್ಯಾಬಲ್ಲಿ ಒಂದು ಸರ್ಕ್ಯೂಟ್ ಕೆಲಸ ಮಾಡದಿದ್ರೆ ನಾವೇನು ಮಾಡ್ತೀವಿ? ಪಕ್ಕದ ಟೇಬಲ್‌ನ ಕಿಟ್ ತಗೊಂಡು ರೀಡಿಂಗ್ ಬರ್ಕೊಳ್ತೀವಿ. ಕೆಲಸ ಮಾಡದ ಕಿಟ್ಟು ಮೂಲೆಗೆ ಹೋಗುತ್ತೆ. ನಿಜವಾದ ಪಾಠ ಆ ಮೂಲೆಯಲ್ಲಿದೆ ಅಂತ ನನಗೀಗ ಅನ್ನಿಸುತ್ತೆ. ಸೆಮಿಸ್ಟರ್‌ಗೆ ಒಂದೇ ಒಂದು ಲ್ಯಾಬ್ ಕ್ಲಾಸ್ ಬೇಕಂತ ಹಾಳು ಮಾಡಿದ ಕಿಟ್ ಕೊಟ್ಟು, ಏನು ಹೋಗಿದೆ ಕಂಡುಹಿಡೀರಿ ಅಂತ ಬಿಟ್ರೆ ಎಷ್ಟು ಚೆನ್ನಾಗಿರುತ್ತೆ. ದುಡ್ಡೇನೂ ಬೇಕಿಲ್ಲ, ಹಾಳಾದ ಕಿಟ್‌ಗಳು ಬೇಕಾದಷ್ಟಿವೆ.

ಬೆಂಗಳೂರಿಗೆ ವಾಪಸ್ ಹೊರಟಾಗ ಅಪ್ಪ ಅವರ ಹಳೆ ಮೀಟರನ್ನ ನನ್ನ ಬ್ಯಾಗಿಗೆ ಹಾಕಿದ್ರು. ಅವರು ಹೊಸದೊಂದು ತಗೊಳ್ತಾರಂತೆ. ಅದು ಈಗ ನನ್ನ ಹಾಸ್ಟೆಲ್ ರೂಮಿನಲ್ಲಿದೆ, ಯಾರಿಗೆ ಬೇಕಾದ್ರೂ ಕೊಡ್ತೀನಿ. ಆದರೆ ನಿಮ್ಮ ಕಂಪ್ಯೂಟರ್ ಹೋಗಿದೆ ಅಂತ ಬಂದ್ರೆ, ಮೊದಲು ಒಂದು ಪ್ರಶ್ನೆ ಕೇಳ್ತೀನಿ: ಯಾವಾಗ ಆಫ್ ಆಗುತ್ತೆ, ಸುಮ್ನೆ ಇದ್ದಾಗ್ಲೋ, ಲೋಡ್ ಬಿದ್ದಾಗ್ಲೋ? ಉತ್ತರ ಗೊತ್ತಿಲ್ಲ ಅಂದ್ರೆ ಹೋಗಿ ನೋಡ್ಕೊಂಡು ಬನ್ನಿ. ಅಲ್ಲಿತನಕ ಪರ್ಸ್ ಒಳಗೇ ಇರಲಿ.